ಬೂದಿ ಹಚ್ಚಿದ ದಿನವೇ ಮುಖ ತೊಳೆಯುವ ಪಾಠ: ಒಬ್ಬ ಉಪದೇಶಿಯ ಅನುಭವಗಳು

ನಾನು ಉಪದೇಶಿ. ಪಾದ್ರಿ ಅಲ್ಲ, ಬ್ರದರೂ ಅಲ್ಲ; ಹೆಂಡತಿ ಮಕ್ಕಳಿರುವ, ಒಂದಿಷ್ಟು ಮಳೆಯಾಶ್ರಿತ ಹೊಲದಲ್ಲಿ ತೊಗರಿ, ಸಜ್ಜೆ ಬೆಳೆಯುವ ಸಂಸಾರಿ. ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುವ ಹಳ್ಳಿಗಳಲ್ಲಿ ಉಳಿದ ದಿನಗಳ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಹಾಸಿಗೆ ಹಿಡಿದವರ ಬಳಿ ಕೂಡುವುದು, ಸತ್ತವರಿಗೆ ಕುಣಿ ತೋಡಿಸುವುದು, ವಿಧವಾ ವೇತನದ ಅರ್ಜಿ ತುಂಬಿಕೊಡುವುದು, ಇವೆಲ್ಲ ಉಪದೇಶಿಯ ಪಾಲಿಗೆ ಬರುತ್ತವೆ.

ನಮ್ಮ ಸಂತೆಕಲ್ಲೂರನ್ನು ನಡುವೆ ಇಟ್ಟುಕೊಂಡರೆ ಒಂದು ಕಡೆ ಮಸ್ಕಿ, ಒಂದು ಕಡೆ ಲಿಂಗಸುಗೂರು ಮತ್ತು ಮುದಗಲ್ಲು, ಮತ್ತೊಂದು ಕಡೆ ತುಂಗಭದ್ರಾ ಎಡದಂಡೆ ನಾಲೆಯ ನೀರು ಕಂಡ ಸಿಂಧನೂರು. ಅಲ್ಲಿ ಭತ್ತ, ನಮ್ಮಲ್ಲಿ ಮುಗಿಲು ನೋಡುವ ಎರೆಹೊಲ. ಕ್ರೈಸ್ತರು ಈ ಸೀಮೆಗೆ ಹೊಸಬರಲ್ಲ. ಮುದಗಲ್ಲಿನ ಕ್ರೈಸ್ತ ಸಮುದಾಯದ ಬೇರು ಬಿಜಾಪುರದ ಆದಿಲ್‌ಶಾಹಿಗಳ ಕಾಲಕ್ಕೆ, ಗೋವೆ ಕಡೆಯಿಂದ ಬಂದ ಪಾದ್ರಿಗಳ ಕಾಲಕ್ಕೆ ಹೋಗುತ್ತದೆ. ಇಷ್ಟು ತಲೆಮಾರು ಜೊತೆಗೆ ಬಾಳಿದ ಮೇಲೆ ಊರಿನವರು ನಮ್ಮ ಶಿಲುಬೆ ನೋಡಿ ನಮ್ಮನ್ನು ಅಳೆಯುವುದಿಲ್ಲ. ಕಷ್ಟಕ್ಕೆ ಯಾರು ಬಂದರು, ಯಾರು ಬರಲಿಲ್ಲ ಅನ್ನುವ ಲೆಕ್ಕ ಅವರ ಬಳಿ ಪಕ್ಕಾ ಇರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆಂದು ನಾನು ಕಲಿತದ್ದನ್ನು ಬರೆದಿದ್ದೇನೆ. ಬೇರೆ ಧರ್ಮದವರು ಓದಿದರೂ ನಷ್ಟವಿಲ್ಲ.

1. ಬೂದಿ ಹಚ್ಚುವ ಮೊದಲು ಆ ದಿನದ ಪಾಠವನ್ನು ಪೂರ್ತಿ ಓದು

ತಪಸ್ಸು ಕಾಲ ಶುರುವಾಗುವುದು ಬೂದಿ ಬುಧವಾರದಿಂದ. ಹಿಂದಿನ ವರ್ಷ ಗರಿಗಳ ಭಾನುವಾರ ಮೆರವಣಿಗೆಯಲ್ಲಿ ಹಿಡಿದ ಗರಿಗಳನ್ನು ಜನ ಮನೆಯಲ್ಲಿ ಯೇಸುಸ್ವಾಮಿಯ ಪಟದ ಹಿಂದೆ ಸಿಕ್ಕಿಸಿರುತ್ತಾರೆ. ಒಲೆಯ ಹೊಗೆ ಹಿಡಿದು, ಜೇಡ ಕಟ್ಟಿದ ಆ ಗರಿಗಳನ್ನು ತರಿಸಿ, ತಗಡಿನ ಮೇಲೆ ಸುಟ್ಟು, ಅರಿವೆಯಲ್ಲಿ ಸೋಸಿದರೆ ಬೂದಿ ತಯಾರು. ಅದರಿಂದ ಹಣೆಗೆ ಶಿಲುಬೆಯ ಗುರುತು. ವಿಭೂತಿ, ನಾಮ, ಕುಂಕುಮ ಎಲ್ಲ ಇರುವ ಊರಿನಲ್ಲಿ ಇದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅಂಗಡಿಯ ಗೌಡರು ಕೇಳುತ್ತಾರೆ: "ಏನ್ರೀ ಉಪದೇಶಿ, ಇವತ್ತು ನೀವೂ ಇಬತ್ತಿ ಹಚ್ಚೀರಲ್ಲ?"

ಅದೇ ಪೂಜೆಯಲ್ಲಿ ಓದುವುದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ. ದಾನ ಕೊಡುವಾಗ ಸಾರಿಕೊಂಡು ಕೊಡಬೇಡ, ಪ್ರಾರ್ಥನೆ ಮಾಡುವಾಗ ಕದ ಹಾಕಿಕೋ, ಉಪವಾಸ ಇದ್ದರೆ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿ ಯಾರಿಗೂ ಗೊತ್ತಾಗದಂತೆ ಇರು ಎಂದು ಯೇಸು ಹೇಳುವ ಭಾಗ. ಹಣೆಗೆ ಬೂದಿ ಹಚ್ಚುವ ದಿನವೇ ಮುಖ ತೊಳೆ ಅನ್ನುವ ಪಾಠ! ಇವೆರಡನ್ನೂ ಒಂದೇ ದಿನಕ್ಕೆ ಇಟ್ಟವರು ತಿಳಿದವರೇ ಇರಬೇಕು. ಆದರೆ ಜನ ಬೂದಿಯನ್ನು ಮನೆಗೆ ಒಯ್ಯುತ್ತಾರೆ, ಪಾಠವನ್ನು ಗುಡಿಯಲ್ಲೇ ಬಿಟ್ಟು ಹೋಗುತ್ತಾರೆ.

ಉಪವಾಸದ ಕಟ್ಟಳೆ ಇದೆ: 18 ತುಂಬಿದವರಿಂದ 59ರವರೆಗಿನವರು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಪೂರ್ತಿ ಊಟ ಮಾಡಬೇಕು. ಇದನ್ನು ಹೇಳುತ್ತಿದ್ದಾಗ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಹಿಂದಿನಿಂದ ಕೇಳಿದಳು: "ಅಣ್ಣಾ, ಬೆಂಗಳೂರಿಗೆ ಗುಳೆ ಹೋದಾಗ ಒಂದ ಹೊತ್ತು ಉಂಡಿದ್ದು ಲೆಕ್ಕಕ್ಕ ಬರ್ತದೇನು?" ಸುತ್ತಲಿನವರು ನಕ್ಕರು. ನನಗೆ ಅದು ನಗುವ ಮಾತಾಗಿ ಕಾಣಲಿಲ್ಲ. ಗಟ್ಟಿ ಕೂಲಿ ಮಾಡುವವರನ್ನು ಈ ಕಟ್ಟಳೆಯಿಂದ ಬಿಡುವ ರೂಢಿ ಮೊದಲಿನಿಂದ ಇದೆ. ಹಾಗಾಗಿ ಸಂಬಳದವರಿಗೆ, ನಾಲ್ಕು ಎಕರೆ ನೀರಾವರಿ ಇದ್ದವರಿಗೆ ಉಪವಾಸ ಮಾಡಿ ಎನ್ನುತ್ತೇನೆ. ಕೂಲಿಯವರಿಗೆ ಹೊಟ್ಟೆ ತುಂಬ ಉಣ್ಣಿ ಎನ್ನುತ್ತೇನೆ. ಸಂಬಳದವರು ಉಳಿಸಿದ ಊಟ ಕೂಲಿಯವರ ತಾಟಿಗೆ ಹೋದರೆ ಮಾತ್ರ ಅದು ಉಪವಾಸ, ಇಲ್ಲದಿದ್ದರೆ ಮನೆಯ ಖರ್ಚು ಉಳಿತಾಯ.

2. ಕಾಲು ತೊಳೆಸಿಕೊಳ್ಳುವವರ ಪಟ್ಟಿಯನ್ನು ಕಮಿಟಿಗೆ ಬಿಡಬೇಡ

ಪವಿತ್ರ ಗುರುವಾರ ಸಂಜೆ ಹನ್ನೆರಡು ಮಂದಿಯನ್ನು ಸಾಲಾಗಿ ಕೂಡಿಸಿ, ಅವರ ಕಾಲುಗಳನ್ನು ಫಾದರ್ ತೊಳೆಯುತ್ತಾರೆ. ಕಡೆಯ ಭೋಜನದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದ ನೆನಪು ಅದು. ಮತ್ತಾಯ, ಮಾರ್ಕ, ಲೂಕ ಮೂವರೂ ಆ ರಾತ್ರಿ ರೊಟ್ಟಿ, ದ್ರಾಕ್ಷಾರಸ ಹಂಚಿದ್ದನ್ನು ಬರೆದಿದ್ದಾರೆ. ಯೊವಾನ್ನ ಮಾತ್ರ ಅದನ್ನು ಬರೆಯುವುದೇ ಇಲ್ಲ. ಅದರ ಜಾಗದಲ್ಲಿ ಕಾಲು ತೊಳೆದದ್ದನ್ನು ಇಡುತ್ತಾನೆ. ಮೇಲಂಗಿ ತೆಗೆದಿಟ್ಟದ್ದು, ಸೊಂಟಕ್ಕೆ ವಸ್ತ್ರ ಸುತ್ತಿದ್ದು, ಬೋಗುಣಿಗೆ ನೀರು ಹಾಕಿದ್ದು, ಒಂದನ್ನೂ ಬಿಡುವುದಿಲ್ಲ. ಆ ಕಾಲದಲ್ಲಿ ಅದು ಆಳಿನ ಕೆಲಸ.

ಪಟ್ಟಿಯನ್ನು ಕಮಿಟಿಗೆ ಬಿಟ್ಟರೆ ವರ್ಷವರ್ಷವೂ ಅವೇ ಹೆಸರು: ಕಮಿಟಿ ಮೆಂಬರು, ಮಾಸ್ತರು, ಮೈಕ್‌ಸೆಟ್ ಕೊಡಿಸಿದವರು. ಅವರು ಮನೆಯಲ್ಲೇ ಸಾಬೂನು ಹಚ್ಚಿ ಕಾಲು ತೊಳೆದುಕೊಂಡು ಬಂದಿರುತ್ತಾರೆ. ತೊಳೆದ ಕಾಲಿನ ಮೇಲೆ ಎರಡು ಚಮಚ ನೀರು, ಒರೆಸಲು ಬಿಳಿ ಟವೆಲ್, ಒಂದು ಫೋಟೊ. ಮುಗಿಯಿತು.

ನಾವು ಒಂದು ವರ್ಷ ಪಟ್ಟಿ ಬದಲಿಸಿದೆವು. ಕುಣಿ ತೋಡುವವನು, ಗುಡಿ ಕಸ ಹೊಡೆಯುವ ಅಜ್ಜಿ, ಹಿಂದೆ ಮುತ್ತು ಕಟ್ಟಿಸಿಕೊಂಡಿದ್ದ ಒಬ್ಬ ಅವ್ವ, ಹೊಲದಿಂದ ನೇರ ಬಂದ ಇಬ್ಬರು ಹೆಣ್ಣುಮಕ್ಕಳು. ದೇವದಾಸಿ ಪದ್ಧತಿಯನ್ನು ನಿಷೇಧಿಸಿ 1982ರಲ್ಲೇ ಕರ್ನಾಟಕದಲ್ಲಿ ಕಾಯ್ದೆ ಬಂದಿದೆ. ಆದರೆ ಮುತ್ತು ಕಟ್ಟಿಸಿಕೊಂಡವರನ್ನು ಊರು ನೋಡುವ ನೋಟವನ್ನು ಕಾಯ್ದೆ ಬದಲಿಸಲಾರದು. ಆ ಅವ್ವನನ್ನು ಮುಂದಿನ ಸಾಲಿಗೆ ಕರೆದಾಗ ಕೆಲವರು ಮುಖ ಗಂಟು ಹಾಕಿದ್ದೂ ಹೌದು.

ಹೊಲದಿಂದ ಬಂದ ಹೆಣ್ಣುಮಗಳ ಕಾಲನ್ನು ಹತ್ತಿರದಿಂದ ನೋಡಿದ್ದೀರಾ? ಹಿಮ್ಮಡಿಯ ಸೀಳುಗಳಲ್ಲಿ ಎರೆಮಣ್ಣು ಕಪ್ಪಗೆ ಕೂತಿರುತ್ತದೆ. ನೀರು ಸುರಿದರೆ ಬಿಡುವುದಿಲ್ಲ, ಹೆಬ್ಬೆರಳಿನಿಂದ ತಿಕ್ಕಬೇಕು. ತಿಕ್ಕಿದರೆ ಸೀಳು ಉರಿಯುತ್ತದೆ, ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಕಾಲುಂಗುರದ ಕೆಳಗೆ ಬೇರೆ ಮಣ್ಣು, ಅದಕ್ಕೆ ಉಂಗುರ ತಿರುಗಿಸಿ ತೊಳೆಯಬೇಕು. ಇಬ್ಬರದು ಮುಗಿಯುವಷ್ಟರಲ್ಲಿ ತಾಟಿನ ನೀರು ಕಪ್ಪಾಗಿ ಬದಲಿಸಬೇಕಾಯಿತು. ಹಾಡುವವರು ಹಾಡನ್ನು ಎರಡು ಸಲ ಮುಗಿಸಿದರೂ ಫಾದರ್ ಅರ್ಧ ಸಾಲಿನಲ್ಲೇ ಇದ್ದರು. ಮಂಡಿ ನೋಯುತ್ತಿತ್ತೆಂದು ಕಾಣುತ್ತದೆ, ಒಮ್ಮೆ ನೆಲಕ್ಕೆ ಕೈಯೂರಿದರು.

ಕಸ ಹೊಡೆಯುವ ಅಜ್ಜಿಯ ಸರದಿ ಬಂದಾಗ ಆಕೆ ಕಾಲನ್ನು ಸೀರೆಯೊಳಗೆ ಮುಚ್ಚಿಕೊಂಡಳು. "ಬ್ಯಾಡ್ರಿ ಯಪ್ಪಾ, ನನ್ನ ಕಾಲಿಗೆ ನೀವು ಕೈ ಹಚ್ಚಬಾರದು." ಆ ರಾತ್ರಿ ಶಿಷ್ಯ ಪೇತ್ರನೂ ಹೀಗೇ ಅಂದವನು. ಸೇವೆ ಮಾಡುವುದನ್ನು ಕಲಿಸಿದಷ್ಟೇ, ಮಾಡಿಸಿಕೊಳ್ಳುವುದನ್ನೂ ಕಲಿಸಬೇಕು. ತಲೆತಲಾಂತರದಿಂದ ಬೇರೆಯವರ ಕಾಲು ಹಿಡಿದೇ ಬಂದವರಿಗೆ ಅದು ಕಷ್ಟ. ಆಕೆಯ ಸೊಸೆ ಪಕ್ಕಕ್ಕೆ ಬಂದು ಕುಳಿತು ಕೈ ಹಿಡಿದುಕೊಂಡ ಮೇಲೆ ಅಜ್ಜಿ ಒಪ್ಪಿದಳು.

ಇದೆಲ್ಲ ನಮ್ಮೂರಿನ ಹೊಸ ಶೋಧವೇನೂ ಅಲ್ಲ. ಪೋಪ್ ಫ್ರಾನ್ಸಿಸ್ 2013ರ ಮಾರ್ಚ್ 28ರಂದು ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಎಳೆಯರ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು, ಅವರಲ್ಲೊಬ್ಬಳು ಮುಸ್ಲಿಂ. ಪೂಜಾವಿಧಿಯ ಪುಸ್ತಕದಲ್ಲಿ ಅಲ್ಲಿಯವರೆಗೆ ಗಂಡಸರ ಕಾಲು ಎಂದೇ ಇತ್ತು. 2016ರ ಜನವರಿಯಲ್ಲಿ ಅದನ್ನು ತಿದ್ದಿ ಹೆಂಗಸರನ್ನೂ ಸೇರಿಸಿಕೊಳ್ಳಬಹುದು ಎಂದರು. ತಿದ್ದುಪಡಿ ಬಂದಿದೆ ಎಂದು ಗೊತ್ತಿಲ್ಲದ ಹಳ್ಳಿಗಳು ಇನ್ನೂ ಇವೆ. ಗೊತ್ತಿದ್ದೂ ಸುಮ್ಮನಿರುವ ಹಳ್ಳಿಗಳು ಅದಕ್ಕಿಂತ ಹೆಚ್ಚು.

3. ಅಕ್ಕಿ ಚೀಲದೊಳಗೆ ಕರಪತ್ರ ಹಾಕಬೇಡ

2020ರ ಲಾಕ್‌ಡೌನಿನಲ್ಲಿ ಗುಳೆ ಹೋದವರೆಲ್ಲ ಒಮ್ಮೆಗೇ ಊರಿಗೆ ಬಂದರು. ಬೆಂಗಳೂರಿನ ಕಟ್ಟಡಗಳಿಂದ, ಪುಣೆಯಿಂದ, ಮುಂಬೈಯಿಂದ. ಕೂಲಿ ಇಲ್ಲ, ಕೈಯಲ್ಲಿ ಕಾಸಿಲ್ಲ. ಆಗ ಎಲ್ಲರೂ ಕಿಟ್ ಹಂಚಿದರು: ಪಾರ್ಟಿಯವರು, ಮಠದವರು, ಮಸೀದಿಯವರು, ನಾವೂ. ಹಂಚಿದ್ದು ಪುಣ್ಯದ ಕೆಲಸವೇ. ಆದರೆ ಐದು ಕಿಲೊ ಅಕ್ಕಿಯ ಹಿಂದೆ ಎಂಟು ಮಂದಿ ನಿಂತು, ತೆಗೆದುಕೊಳ್ಳುವ ಒಬ್ಬ ವಿಧವೆಯನ್ನು ನಡುವೆ ನಿಲ್ಲಿಸಿ ಫೋಟೊ ಹೊಡೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಆಕೆ ಸೆರಗು ಮುಖದ ಮೇಲೆ ಎಳೆದುಕೊಂಡರೆ, "ಮುಖ ಕಾಣಂಗ ನಿಂದ್ರವ್ವಾ" ಎಂದು ಹೇಳಿದ್ದನ್ನೂ ಕೇಳಿದ್ದೇನೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಓದುವ ನಾವು ಜಿಲ್ಲೆಗೇ ಗೊತ್ತಾಗುವಂತೆ ವಾಟ್ಸ್ಆ್ಯಪಿನಲ್ಲಿ ಹಾಕುತ್ತೇವೆ.

ನಮಗೆ ಇನ್ನೊಂದು ತೊಡಕು ಬೇರೆ ಇದೆ. ಕ್ರೈಸ್ತರು ಅಕ್ಕಿ ಕೊಟ್ಟರೆ ಅದರ ಹಿಂದೆ ಮತಾಂತರ ಇದೆ ಎನ್ನುವ ಅನುಮಾನ. 2022ರಲ್ಲಿ ರಾಜ್ಯದಲ್ಲಿ ಇದರ ಬಗ್ಗೆ ಕಾನೂನೇ ಬಂತು; 2023ರ ಜೂನಿನಲ್ಲಿ ಅದನ್ನು ಹಿಂಪಡೆಯಲು ಮುಂದಿನ ಸರ್ಕಾರ ತೀರ್ಮಾನಿಸಿತು. ಕಾನೂನು ಬರಲಿ, ಹೋಗಲಿ, ನನ್ನ ನಿಯಮ ಒಂದೇ: ಹಸಿದವನ ಚೀಲದಲ್ಲಿ ಧಾನ್ಯ ಬಿಟ್ಟು ಬೇರೇನೂ ಇರಕೂಡದು. ಬೈಬಲ್ ವಚನದ ಚೀಟಿಯೂ ಬೇಡ, ಗುಡಿಯ ಹೆಸರು ಅಚ್ಚಾದ ಚೀಲವೂ ಬೇಡ. ಬೇಕಾದವರು ತಾವಾಗಿ ಕೇಳುತ್ತಾರೆ. ಕೇಳದಿದ್ದರೂ ಉಂಡರಲ್ಲ, ಸಾಕು.

ಇದಕ್ಕಿಂತ ಒಳ್ಳೆಯ ದಾರಿಯನ್ನು ಆಮೇಲೆ ಕಂಡುಕೊಂಡೆವು. ಹಳ್ಳಿಯ ಕಿರಾಣಿ ಅಂಗಡಿಗೆ ಹೋಗಿ ಉದ್ರಿ ಪುಸ್ತಕ ಕೇಳುವುದು. ಯಾರ ಬಾಕಿ ಹೆಚ್ಚಾಗಿ ಇನ್ನು ಸಾಮಾನು ಕೊಡುವುದಿಲ್ಲ ಎಂದು ಅಂಗಡಿಯವನು ಹೇಳಿದ್ದಾನೋ ಅವರ ಲೆಕ್ಕಕ್ಕೆ ಒಂದಿಷ್ಟು ತುಂಬುವುದು. ಕೊಟ್ಟವರು ಯಾರೆಂದು ಹೇಳಬಾರದು ಎಂದು ಅಂಗಡಿಯವನ ಬಳಿ ಮಾತು ತೆಗೆದುಕೊಳ್ಳುವುದು. ಮರುದಿನ ಆ ಮನೆಯವರು ತಲೆ ಎತ್ತಿಕೊಂಡು ಹೋಗಿ ಎಣ್ಣೆ, ಬೇಳೆ ತರುತ್ತಾರೆ. ಸಾಲಿನಲ್ಲಿ ನಿಲ್ಲುವುದಿಲ್ಲ, ಯಾರಿಗೂ ಕೈ ಮುಗಿಯುವುದಿಲ್ಲ. ಅಂಗಡಿಯವನ ಬಾಕಿಯೂ ವಸೂಲಾಗುತ್ತದೆ. ಇದರಲ್ಲಿ ಫೋಟೊ ಹೊಡೆಯಲು ಏನೂ ಇಲ್ಲ ಅನ್ನುವುದೊಂದೇ ದೋಷ.

4. ಕೊರಳಲ್ಲಿ ಶಿಲುಬೆ ಇಲ್ಲದವರ ಭಕ್ತಿಯನ್ನು ತೂಗಬೇಡ

ಪಟ್ಟಣದಿಂದ ಬಂದವರು ಕೆಲವರು ಕೇಳುತ್ತಾರೆ: ಈ ಊರಿನಲ್ಲಿ ಇಷ್ಟು ಮಂದಿ ಪ್ರಾರ್ಥನೆಗೆ ಬರುತ್ತಾರೆ, ಒಬ್ಬರ ಮನೆಯ ಬಾಗಿಲಿಗೂ ಶಿಲುಬೆ ಇಲ್ಲವಲ್ಲ? ರೇಷನ್ ಕಾರ್ಡಿನಲ್ಲಿ ಹುಲಿಗೆಮ್ಮ, ಗುಡಿಯಲ್ಲಿ ಮರಿಯಮ್ಮ, ಇದೆಂಥ ಭಕ್ತಿ?

1950ರ ಪರಿಶಿಷ್ಟ ಜಾತಿಗಳ ಆದೇಶವನ್ನು ಅವರು ಓದಿಲ್ಲ. ಅದರ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಕೇರಿಯ ಹುಡುಗಿಗೆ ಹಾಸ್ಟೆಲ್ ಸೀಟು ಬೇಕು, ಸ್ಕಾಲರ್‌ಶಿಪ್ ಬೇಕು. ಅವಳ ತಾಯಿ ಯಾವ ಕಾಗದದಲ್ಲಿ ಏನು ಬರೆಸಬೇಕೆಂದು ನಾನು ಹೇಳಲು ಹೋಗುವುದಿಲ್ಲ. ಜಾತಿ ನೋಡಿ ಕೇರಿಯ ನಳವನ್ನು ಬೇರೆ ಇಟ್ಟ ಊರು, ಅವರು ಪ್ರಾರ್ಥನೆಗೆ ಹೋದರೆಂದು ನಳ ಒಂದು ಮಾಡಿತೇ?

ಹೊರಗಿನ ಗುರುತು ಹಾಕಿಕೊಳ್ಳುವುದು ಕೆಲವರಿಗೆ ಪುಕ್ಕಟೆ, ಕೆಲವರಿಗೆ ಬಹಳ ದುಬಾರಿ. ಬಂಗಾರದ ಶಿಲುಬೆಯನ್ನು ಅಂಗಿಯ ಮೇಲೆ ತೂಗಿಬಿಟ್ಟುಕೊಂಡವರು ಇದನ್ನು ಮರೆಯಬಾರದು. ಅಂದಹಾಗೆ, ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು, ಆಲಂ ಹಿಡಿದು ಬರುವಾಗ ಕೈ ಮುಗಿಯುವವರ ಧರ್ಮವನ್ನು ಯಾರೂ ಕೇಳುವುದಿಲ್ಲ. ಈ ಸೀಮೆಯ ಭಕ್ತಿ ಮೊದಲಿನಿಂದ ಹೀಗೆ. ಕಾಗದದ ಕಾಲಂಗಳಿಗೆ ಅದು ಸರಿಯಾಗಿ ಕೂಡುವುದಿಲ್ಲ.

5. ಗುಳಿಗೆ ಬಿಡಿಸುವ ಪ್ರಾರ್ಥನೆ ಪ್ರಾರ್ಥನೆಯಲ್ಲ

ರೋಗಿಯ ಮನೆಗೆ ಹೋದರೆ ನಾನು ಮೊದಲು ಕೇಳುವುದು ಗುಳಿಗೆ ಡಬ್ಬಿ. ಆಮೇಲೆ ಜಪ. ನಮ್ಮ ಕಡೆ ದೊಡ್ಡ ಶಾಮಿಯಾನ ಹಾಕಿ, ಸ್ಪೀಕರ್ ಕಟ್ಟಿ ರೋಗ ಬಿಡಿಸುವ ಕೂಟಗಳು ನಡೆಯುತ್ತವೆ. ನಂಬಿಕೆ ಇದ್ದರೆ ಔಷಧಿ ಯಾಕೆ ಎಂದು ವೇದಿಕೆಯ ಮೇಲೆ ಒಬ್ಬ ಹೇಳಿದರೆ ಸಾಕು, ಕ್ಷಯ ರೋಗಿ ಎರಡು ತಿಂಗಳಿಗೇ ಗುಳಿಗೆ ನಿಲ್ಲಿಸುತ್ತಾನೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ನಡುವೆ ಬಿಟ್ಟರೆ ಆ ಔಷಧಿಗೆ ಬಗ್ಗದ ಕ್ಷಯ ಬರಬಹುದು. ಅದು ಅವನೊಬ್ಬನಿಗೆ ನಿಲ್ಲುವುದಿಲ್ಲ, ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಅಂಟುತ್ತದೆ.

ಆಶಾ ಕಾರ್ಯಕರ್ತೆ ನನ್ನ ಕೆಲಸದ ಜೊತೆಗಾತಿ. ಆಕೆ ಬೇರೆ ಧರ್ಮದವಳು, ನನ್ನ ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕಾಯುತ್ತಾಳೆ, ನಾನು ಆಕೆಯ ಲೆಕ್ಕದ ಕಾರ್ಡು ತುಂಬಲು ನೆರವಾಗುತ್ತೇನೆ. ಗುಳಿಗೆ ಕೊಟ್ಟ ಪಾದ್ರಿಗಳೂ ನಮ್ಮಲ್ಲಿದ್ದರು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ ಹೋಮಿಯೋಪಥಿ ಗುಳಿಗೆ ಹಂಚಲು ಶುರು ಮಾಡಿದರು. ಆಮೇಲೆ ಕುಷ್ಠರೋಗಿಗಳಿಗೆ ಜಾಗ ಮಾಡಿದರು. ಇಂದು ಅಲ್ಲಿ ಮೆಡಿಕಲ್ ಕಾಲೇಜಿದೆ. ಅವರ ಪ್ರವಚನಗಳು ಯಾರಿಗೂ ನೆನಪಿಲ್ಲ, ಗುಳಿಗೆ ನೆನಪಿದೆ.

6. ವೇಷವನ್ನು ಬಯ್ಯುವ ಮೊದಲು ಅದು ಯಾರ ಕಡೆಗೆ ಹೋಗಲು ಹಾಕಿದ್ದು ಎಂದು ನೋಡು

ಎಲ್ಲ ವೇಷವೂ ಡಂಭವಲ್ಲ. 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಇಲ್ಲಿನ ಸನ್ಯಾಸಿಯಂತೆ ಬದುಕಿದರು, ಕನ್ನಡ ಕಲಿತರು. ಜನರ ಹತ್ತಿರ ಹೋಗಲು ಹಾಕಿದ ವೇಷ ಅದು. ಮದರ್ ತೆರೇಸಾ 1948ರಲ್ಲಿ ಕಲ್ಕತ್ತಾದ ಬೀದಿಗಿಳಿದಾಗ ಉಟ್ಟದ್ದು ನೀಲಿ ಅಂಚಿನ ಅಗ್ಗದ ಬಿಳಿ ಸೀರೆ. ಮೇಲಿನವರ ಹಾಗೆ ಕಾಣಲು ಹಾಕಿದ ವೇಷ ಬೇರೆ, ಕೆಳಗಿನವರ ಪಕ್ಕದಲ್ಲಿ ಕೂಡಲು ಹಾಕಿದ ವೇಷ ಬೇರೆ.

ಎರಡನೇ ವ್ಯಾಟಿಕನ್ ಮಹಾಸಭೆ ಮುಗಿಯುವ ಹೊತ್ತಿಗೆ, 1965ರ ನವೆಂಬರ್ 16ರಂದು, ಸುಮಾರು ನಲವತ್ತು ಬಿಷಪರು ರೋಮಿನ ದೊಮಿತಿಲ್ಲಾ ನೆಲಮಾಳಿಗೆ ಸಮಾಧಿಗಳಲ್ಲಿ ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಸಾಮಾನ್ಯ ಜನರಂಥ ಮನೆ, ಊಟ, ಓಡಾಟ. ಬ್ಯಾಂಕಿನಲ್ಲಿ ಸ್ವಂತ ಹೆಸರಿನ ಹಣ ಇಲ್ಲ. ಬೆಲೆಬಾಳುವ ಅಂಗಿ, ಬಂಗಾರದ ಚಿಹ್ನೆ ಬೇಡ. ದೊಡ್ಡ ಬಿರುದುಗಳಿಂದ ಕರೆಸಿಕೊಳ್ಳುವುದು ಬೇಡ. ಅರವತ್ತು ವರ್ಷ ಆಯಿತು. ನಮ್ಮ ಹಬ್ಬದ ಫ್ಲೆಕ್ಸುಗಳಲ್ಲಿ ಬಿರುದುಗಳು ಇನ್ನೂ ಎರಡು ಸಾಲು ಬರುತ್ತವೆ, ಮೂಲೆಯಲ್ಲಿ ಯೇಸುವಿನ ಚಿತ್ರಕ್ಕೆ ಜಾಗ ಸಿಕ್ಕರೆ ಪುಣ್ಯ.

ಬೇರೆಯವರ ಕಡೆಗೆ ಹೋಗುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾದರಿ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಯಾದವರು, ಹಳ್ಳಿ ಹಳ್ಳಿ ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪದ ಚರಿತ್ರೆಗಾಗಿ ವಾದ ಮಾಡಿ ಪುಸ್ತಕ ಬರೆದರು. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ತನ್ನ ಧರ್ಮದ ಉದ್ಯೋಗದಲ್ಲಿದ್ದುಕೊಂಡೇ ಬೇರೆ ಭಕ್ತರ ಮಾತನ್ನು ಜೋಪಾನ ಮಾಡಿ ಮುಂದಿನವರಿಗೆ ಕೊಟ್ಟ ಈ ಕೆಲಸವನ್ನು ನಾನು ದೊಡ್ಡ ಸೇವೆ ಎಂದೇ ಎಣಿಸುತ್ತೇನೆ.

7. ಕುರ್ಚಿ ಯಾರಿಗೆ ಎಂದು ಮೊದಲೇ ನಿರ್ಧರಿಸು

ಮನೆ ಪ್ರಾರ್ಥನೆಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಇರುತ್ತವೆ. ಬಿಳಿ ಅಂಗಿಯವರು ಬಂದ ಕೂಡಲೇ ನೆಲದ ಮೇಲಿನವರು ಎದ್ದು ಕುರ್ಚಿ ಒರೆಸುತ್ತಾರೆ. ಯಕೋಬನ ಪತ್ರದ 2ನೇ ಅಧ್ಯಾಯ ಇದನ್ನೇ ಬಯ್ಯುತ್ತದೆ, ಬಂಗಾರದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ. ಮಂಡಿ ನೋವಿನ ಮುದುಕರಿಗೆ, ಬಸುರಿಯರಿಗೆ ಕುರ್ಚಿ. ಉಳಿದವರೆಲ್ಲ, ಅತಿಥಿಯೂ ಸೇರಿ, ಚಾಪೆ. ಚಹಾದ ಲೋಟ ಎಲ್ಲರಿಗೂ ಒಂದೇ ತರಹದ್ದು. ಇಷ್ಟು ಮಾಡಿದರೆ ಅರ್ಧ ಪ್ರವಚನ ಆದ ಹಾಗೆ.

8. ಕುಣಿ ತೋಡಲು ಯಾರು ಬರುತ್ತಾರೆ ಎಂದು ನೋಡಿಕೋ

ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಕುಣಿ ತೋಡುವುದು ಸುಲಭದ ಕೆಲಸವಲ್ಲ. ಮಣ್ಣು ಗುದ್ದಲಿಗೆ ಅಂಟುತ್ತದೆ, ಪ್ರತಿ ಏಟಿಗೂ ಕೆರೆದು ತೆಗೆಯಬೇಕು. ಅರ್ಧ ತೋಡಿದ ಮೇಲೆ ಪಕ್ಕದ ಗೋಡೆ ಕುಸಿದು ಮತ್ತೆ ತುಂಬುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಬಿರುಕು ಬಿಟ್ಟು ಕಲ್ಲಿನಂತೆ ಗಟ್ಟಿ.

2021ರ ಬೇಸಿಗೆ, ಕೊರೋನಾದ ಎರಡನೇ ಅಲೆ. ಹೆಣದ ಹತ್ತಿರ ಮನೆಯವರೇ ಹೋಗಲು ಹೆದರಿದ ದಿನಗಳು. ಆಗ ಗುದ್ದಲಿ ಹಿಡಿದು ಬಂದವರು ಯಾರು? ಭಾನುವಾರದ ಪೂಜೆಗೆ ಒಂದು ದಿನವೂ ಬಾರದ, ಹಬ್ಬದ ದಿನ ಗುಡಿಯ ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುವ ಮೂರು ಹುಡುಗರು. ಗುಟ್ಕಾ ಜಗಿಯುತ್ತಾರೆಂದು ನಮ್ಮ ಹಿರಿಯರು ಅವರನ್ನು ಕಂಡರೆ ಸಿಡುಕುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತು ಪಾಠ ಓದುವ ಭಕ್ತರಿಗೆ ಅಂದು ಬಿಪಿ, ಶುಗರ್ ಎಲ್ಲ ಒಟ್ಟಿಗೆ ನೆನಪಾಯಿತು. ಮತ್ತಾಯನ 21ನೇ ಅಧ್ಯಾಯದಲ್ಲಿ ಇಬ್ಬರು ಮಕ್ಕಳ ಕಥೆ ಬರುತ್ತದೆ. ತೋಟಕ್ಕೆ ಹೋಗು ಎಂದರೆ ಒಬ್ಬ ಆಗಲಿ ಎಂದು ಹೋಗಲಿಲ್ಲ, ಇನ್ನೊಬ್ಬ ಆಗದು ಎಂದವನು ಆಮೇಲೆ ಹೋದ. ಈ ಕಥೆಗೆ ನಮ್ಮ ಸ್ಮಶಾನಕ್ಕಿಂತ ಒಳ್ಳೆಯ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ.

ಸತ್ತವರನ್ನು ಮಣ್ಣು ಮಾಡುವುದು ಕಥೋಲಿಕ ಧರ್ಮಸಭೆ ಹೇಳುವ ಏಳು ದಯಾಕಾರ್ಯಗಳಲ್ಲಿ ಒಂದು. ಆ ಹುಡುಗರಿಗೆ ಏಳೂ ಬಾಯಿಪಾಠ ಇಲ್ಲ. ಅಂದಿನಿಂದ ಕುಣಿ ತೋಡುವವರ ಚಹಾ, ಮಂಡಾಳ ಒಗ್ಗರಣೆಯ ಖರ್ಚನ್ನು ಗುಡಿಯ ಲೆಕ್ಕದಿಂದಲೇ ಕೊಡಬೇಕೆಂದು ಹಟ ಹಿಡಿದು ಮಾಡಿಸಿದ್ದೇನೆ.

9. ನೆರೆಮನೆಯ ಕಲ್ಲನ್ನೂ ಓದಿಸು

ಉಪದೇಶ ತರಗತಿಯ ಮಕ್ಕಳನ್ನು ಮಸ್ಕಿಯ ಅಶೋಕನ ಶಾಸನ ನೋಡಲು ಕರೆದೊಯ್ಯುತ್ತೇನೆ. 1915ರಲ್ಲಿ ಸಿ. ಬೀಡನ್ ಎನ್ನುವ ಗಣಿ ಎಂಜಿನಿಯರ್ ಕಂಡ ಕಲ್ಲು ಅದು; ಅಶೋಕ ಎನ್ನುವ ಹೆಸರು ದೇವಾನಾಂಪ್ರಿಯ ಎನ್ನುವ ಬಿರುದಿನ ಜೊತೆಗೆ ಮೊದಲು ಸಿಕ್ಕದ್ದು ಅದರಲ್ಲಿ. ಮಕ್ಕಳಿಗೆ ನಾನು ಹೇಳುವುದು ಆ ಭಾಗವನ್ನಲ್ಲ. ಧರ್ಮದಲ್ಲಿ ನಡೆಯುವ ಸಣ್ಣ ಮನುಷ್ಯನಿಗೂ ಎತ್ತರ ಸಿಗುತ್ತದೆ, ಅದು ದೊಡ್ಡವರಿಗೆ ಮಾತ್ರ ಎಂದು ಭಾವಿಸಬಾರದು ಎನ್ನುವ ಅರ್ಥದ ಮಾತು ಅದರಲ್ಲಿದೆ. "ಇದು ಬೈಬಲ್‌ನಾಗೂ ಐತಲ್ರೀ ಸರ್?" ಎಂದು ಒಬ್ಬ ಹುಡುಗ ಕೇಳಿದ. ಐತಪ್ಪ ಎಂದೆ. ಯೇಸು ಹುಟ್ಟುವುದಕ್ಕೂ ಇನ್ನೂರಕ್ಕೂ ಹೆಚ್ಚು ವರ್ಷ ಹಿಂದಿನ ಕಲ್ಲು ಎಂದೂ ಹೇಳಿದೆ.

ನಮ್ಮ ಸಂತೆಕಲ್ಲೂರಿಗೆ ಹೆಸರು ತಂದ ಘನಮಠದ ಶಿವಯೋಗಿಗಳು ಬರೆದದ್ದು 'ಕೃಷಿ ಜ್ಞಾನ ಪ್ರದೀಪಿಕೆ', ಬೇಸಾಯದ ಪುಸ್ತಕ. ಮಠದ ಸ್ವಾಮಿಗಳು ರೈತನ ಕೆಲಸವನ್ನು ಬರೆಯುವಷ್ಟು ಗೌರವಿಸಿದ ಊರಿನಲ್ಲಿ ಉಪದೇಶಿ ಕೈಗೆ ಮಣ್ಣು ಹತ್ತದಂತೆ ತಿರುಗಿದರೆ ಶೋಭಿಸುವುದಿಲ್ಲ.

10. ಒಳಗಿನದೇ ಮುಖ್ಯ ಎನ್ನುವವರನ್ನೂ ಪರೀಕ್ಷೆ ಮಾಡು

ಇಷ್ಟು ಓದಿ, "ಹೌದ್ರಿ, ಮನಸ್ಸು ಚಲೋ ಇದ್ದರ ಸಾಕು, ಗುಡಿ ಯಾಕ, ಜಪ ಯಾಕ" ಎನ್ನುವವರು ಬರುತ್ತಾರೆ. ಅವರ ಮೇಲೂ ನನಗೆ ಭರವಸೆ ಕಡಿಮೆ. ಮನಸ್ಸು ಚಲೋ ಇದೆ ಎಂದು ತಾವೇ ಸರ್ಟಿಫಿಕೇಟ್ ಕೊಟ್ಟುಕೊಂಡು, ಗುಡಿಗೂ ಬಾರದೆ, ರೋಗಿಯ ಮನೆಗೂ ಹೋಗದೆ ಇರುವುದು ಹೊಸ ರೀತಿಯ ಡಂಭ. ಹಲ್ಲಿಲ್ಲದ ಬಾಯಲ್ಲಿ ಪ್ರತಿ ಸಂಜೆ ಜಪಸರ ಎಣಿಸುವ ಅಜ್ಜಿಯೊಬ್ಬರು ಇದ್ದಾರೆ. ಒಂದೊಂದು ಮಣಿಗೆ ಒಬ್ಬೊಬ್ಬರ ಹೆಸರು: ಗುಳೆ ಹೋದ ಮಗ, ಪಕ್ಕದ ಮನೆಯ ಬಾಣಂತಿ, ಕುಡಿಯುವ ಅಳಿಯ. ಜಪ ಮುಗಿದ ಮೇಲೆ ಎದ್ದು ಬಾಣಂತಿಗೆ ಬಿಸಿನೀರು ಕಾಯಿಸಿ ಕೊಡುತ್ತಾರೆ. ಆ ಜಪಸರವನ್ನು ಹೊರಗಿನ ಆಡಂಬರ ಎಂದರೆ ನಾನು ಒಪ್ಪುವುದಿಲ್ಲ.

11. ಪದವಿ ಬಂದರೆ ನಿಲುವಂಗಿ ಕೇಳಬೇಡ

2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಉಪದೇಶಿಯ ಕೆಲಸವನ್ನು ಧರ್ಮಸಭೆಯ ಅಧಿಕೃತ ಸೇವಾಪದವಿಯಾಗಿ ಸ್ಥಾಪಿಸಿದರು. ಹೆಂಗಸರಿಗೂ ಗಂಡಸರಿಗೂ. ಸುದ್ದಿ ಬಂದಾಗ ನಮ್ಮಲ್ಲೊಬ್ಬರು ಕೇಳಿದ ಮೊದಲ ಪ್ರಶ್ನೆ: "ಹಂಗಾದ್ರ ನಮಗೂ ಬಿಳಿ ನಿಲುವಂಗಿ ಕೊಡ್ತಾರೇನು?" ಕೂಡಿದವರೆಲ್ಲ ಜೋರಾಗಿ ನಕ್ಕರು, ಕೇಳಿದವರೂ ನಕ್ಕರು. ಆದರೂ ಆಸೆ ಎಲ್ಲರ ಕಣ್ಣಲ್ಲೂ ಇತ್ತು.

ಈ ಕೆಲಸಕ್ಕೆ ಹುಡುಗರು ಬರುತ್ತಿಲ್ಲ. ಗೌರವಧನ ಕಡಿಮೆ, ತಿರುಗಾಟ ಹೆಚ್ಚು, ಬೈಕಿನ ಪೆಟ್ರೋಲಿಗೂ ಸಾಲದು. ಓದಿದ ಹೆಣ್ಣುಮಕ್ಕಳು ಬಂದರೆ ಇನ್ನೂ ಚಲೋ. ಬಾಣಂತಿಯ ಕೋಣೆಗೆ, ಮುತ್ತು ಕಟ್ಟಿಸಿಕೊಂಡ ಅವ್ವಂದಿರ ಮನೆಗೆ ನನಗಿಂತ ಅವರು ಸಲೀಸಾಗಿ ಹೋಗಬಲ್ಲರು. ಹತ್ತನೇ ತರಗತಿ ಓದಿದ್ದರೆ ಸಾಕು, ಕನ್ನಡ ಸ್ಪಷ್ಟವಾಗಿ ಓದಲು ಬರಬೇಕು, ಪಿಂಚಣಿ ಅರ್ಜಿ ತುಂಬಲು ಬರಬೇಕು, ರಾತ್ರಿ ಕರೆದರೆ ಎದ್ದು ಹೋಗಬೇಕು. ಹಾಡಲು ಬಾರದಿದ್ದರೆ ಅಡ್ಡಿಯಿಲ್ಲ, ಹಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಮನಸ್ಸಿದ್ದವರು ನಿಮ್ಮ ಹತ್ತಿರದ ಧರ್ಮಕೇಂದ್ರದ ಗುರುಗಳನ್ನು ಈ ಭಾನುವಾರವೇ ಕಂಡು ಮಾತಾಡಿ. ಬರುವಾಗ ಒಂದು ಜೊತೆ ಹಳೆ ಚಪ್ಪಲಿ ತನ್ನಿ, ಮಳೆಗಾಲದಲ್ಲಿ ನಮ್ಮ ಎರೆಹೊಲದ ದಾರಿಯಲ್ಲಿ ಹೊಸವು ಉಳಿಯುವುದಿಲ್ಲ.